ಚಿಗವ್ವ ತುಂಬಿದ ನಲವತ್ತು ಫಾರ್ಮು

ಹನ್ನೊಂದನೆಯ ಹೇಳಿಕೆ: 'ನಾನು ತಾಳ್ಮೆಯ ವ್ಯಕ್ತಿ.' ಎದುರಿಗೆ ಐದು ಚೌಕ, ಐದೂ ಖಾಲಿ. ಅಂಚಿನಲ್ಲಿ ಹಸಿರು ಶಾಯಿಯ ದುಂಡು ಅಕ್ಷರ: 'ಹಂಗಂತ ತಾನ ತಿಳಕೊಂಡಾನ.'

ಫಾರ್ಮು ಎದುರು ಮನೆಯ ನಿವೃತ್ತ ಮಾಸ್ತರರದು. ಅಕ್ಷರ ಮಾತ್ರ ನನ್ನ ಚಿಗವ್ವನದು, ಅಂದರೆ ಅವ್ವನ ತಂಗಿಯದು. ಅವಳು ಕುಷ್ಟಗಿಯಲ್ಲಿ ಅಂಗನವಾಡಿ ಟೀಚರ್. ಮನಶ್ಶಾಸ್ತ್ರದ ಎಂ.ಎ. ಓದುತ್ತಿರುವವಳು ನಾನು, ಆದರೂ ನಮ್ಮ ಓಣಿಯಲ್ಲಿ ಮನುಷ್ಯರನ್ನು ಅಳೆಯುವ ಅಧಿಕಾರ ಅವಳಿಗೆ ಮಾತ್ರ ಎಂದರೆ ನಂಬುತ್ತೀರಾ?

ಅಂಗನವಾಡಿಯಲ್ಲಿ ಮಕ್ಕಳ ತೂಕ ಗುರುತಿಸುವ ಪಟ್ಟಿಗೆ ಮೂರು ಬಣ್ಣ. ಹಸಿರಾದರೆ ಕ್ಷೇಮ, ಹಳದಿಯಾದರೆ ಗಮನ ಬೇಕು, ಕೆಂಪಾದರೆ ಅಪಾಯ. ಇಪ್ಪತ್ತೆರಡು ವರ್ಷ ಅದನ್ನೇ ತುಂಬಿದ ಚಿಗವ್ವ ದೊಡ್ಡವರನ್ನೂ ಅದರಲ್ಲೇ ಗುರುತಿಸುತ್ತಾಳೆ. ಚಿಗಪ್ಪ ಮದುವೆಯಾದಾಗಿನಿಂದ ಹಳದಿ. ಒಮ್ಮೆ ತಾವಾಗಿಯೇ ಚಹಾದ ಕಪ್ಪು ತೊಳೆದಿಟ್ಟು ಹಸಿರಿಗೆ ಏರಿದ್ದರು, ಸಂಜೆಯೊಳಗೆ ವಾಪಸು ಬಂದರು!

ಕಾರಟಗಿಯಿಂದ ನನ್ನನ್ನು ನೋಡಲು ಒಬ್ಬ ಬಂದಿದ್ದ. ಮೃದು ಮಾತಿನ ಇಂಜಿನಿಯರು. ಬಹಿರ್ಮುಖತೆಗೆ ಎಷ್ಟು, ಭಾವಸ್ಥಿರತೆಗೆ ಎಷ್ಟು ಎಂದು ನಾನು ಮನಸ್ಸಿನಲ್ಲೇ ಅಂಕ ಹಾಕುತ್ತ ಕೂತಿದ್ದೆ. ಅವರು ಹೋದ ಮೇಲೆ ಚಿಗವ್ವ ಒಗ್ಗರಣೆ ಮಂಡಕ್ಕಿಯ ತಾಟು ತೋರಿಸಿದಳು.

"ಎಲ್ಲಾರಿಗೂ ಅಂತ ಇಟ್ಟ ತಾಟಿನ್ಯಾಗ ಶೇಂಗಾ ಅಷ್ಟ ಆರಿಸಿ ತಿಂದಾನ. ಕೆಂಪು."

ಸಂಬಂಧ ಅಲ್ಲಿಗೇ ಮುಗಿಯಿತು. ನನಗೆ ಸಮಾಧಾನವೇ ಆಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಇಂಥವಳ ಕೈಗೆ ನಾನು ನಲವತ್ತು ವ್ಯಕ್ತಿತ್ವ ಪ್ರಶ್ನಾವಳಿ ಕೊಟ್ಟೆ! ಮನೆಮನೆಗೆ ಹಂಚಿ, ಅವರವರಿಂದಲೇ ತುಂಬಿಸಿಕೊಂಡು ಬಾ ಎಂದಿದ್ದೆ. ಕಂಡವರ ಬಾಗಿಲು ತಟ್ಟಿ ಮಾತಾಡಿಸುವುದು ನನ್ನಿಂದಾಗದ ಕೆಲಸ. ಮರುದಿನ ಸಂಜೆ ನಲವತ್ತೂ ತುಂಬಿ ಬಂದವು. ಅವಳು ಮಾತ್ರ ಹೊಸ್ತಿಲು ದಾಟಿರಲಿಲ್ಲ. ಒಲೆಯ ಮುಂದೆ ಕೂತು, ಇಡೀ ಓಣಿಯ ಪರವಾಗಿ ತಾನೇ ಬರೆದು ಮುಗಿಸಿದ್ದಳು.

ಅವರನ್ನೇ ಕೇಳಬೇಕಿತ್ತಲ್ಲ ಎಂದೆ.

"ಕೂಸು ತನ್ನ ತೂಕ ತಾನ ಹೇಳತೈತೇನ?" ಎಂದಳು.

ನನ್ನ ಪ್ರಬಂಧಕ್ಕೆ ಮರುದಿನವೇ ಕೊನೆಯ ದಿನ. ಬೆಳಿಗ್ಗೆ ಎಂಟರ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ, ಪ್ರಬಂಧದ ಗೈಡಿನ ಮುಂದೆ ಕೈಮುಗಿದು ಇನ್ನೊಂದು ವಾರದ ಗಡುವು ಕೇಳುವುದೊಂದೇ ದಾರಿ. ಒಂದು ಫಾರ್ಮಾದರೂ ನಿಯಮದ ಪ್ರಕಾರ ಇರಲಿ ಎಂದು, ನನ್ನ ಬಳಿ ಮಿಕ್ಕಿದ್ದ ಖಾಲಿ ಹಾಳೆಯೊಂದನ್ನು ಅವಳ ಮುಂದಿಟ್ಟೆ. ನಿನ್ನದನ್ನು ನೀನು ತುಂಬು ಎಂದೆ. ದನಿಯಲ್ಲಿ ಸಿಟ್ಟಿತ್ತು.

ಓಣಿಯನ್ನೆಲ್ಲ ಒಂದೇ ದಿನಕ್ಕೆ ಮುಗಿಸಿದವಳು ತನ್ನ ಹಾಳೆಯ ಮುಂದೆ ಕನ್ನಡಕ ಒರೆಸಿಕೊಂಡಳು. ಮೊದಲ ಪುಟ ದಾಟಲಿಲ್ಲ. 'ನನ್ನ ಜೊತೆ ಇರುವುದು ಇತರರಿಗೆ ಇಷ್ಟ' ಎಂಬಲ್ಲಿ ಪೆನ್ನಿಗೆ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಇದನ್ನ ನಾ ಹೆಂಗ ಹೇಳ್ಲಿ ಯವ್ವಾ? ನಾ ಬಂದ್ರ ಮಂದಿ ಮಾತು ನಿಲ್ಲಸ್ತಾರ. ನೀ ನೋಡಿದಾಕಿ, ನೀನ ಹೇಳು."

"ಇದಕ್ಕ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ ಚಿಗವ್ವ."

ಹಾಗೇ ಹೇಳಬೇಕೆಂದು ಪುಸ್ತಕದಲ್ಲಿದೆ. ಅವಳು ತಲೆಯಾಡಿಸಿ ಫಾರ್ಮು ಮಡಚಿದಳು, ರೊಟ್ಟಿ ಬುಟ್ಟಿಯ ಕೆಳಗಿಟ್ಟು ಹಿತ್ತಲಿಗೆ ಹೋದಳು. ಅವತ್ತು ಯಾರಿಗೂ ಬಣ್ಣ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಬುಟ್ಟಿಯ ಕೆಳಗಿನಿಂದ ಆ ಫಾರ್ಮು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಮೊದಲಿನಿಂದ ಒಂದೊಂದೇ ಓದಿ, ಅವಳ ಪರವಾಗಿ ಉತ್ತರವನ್ನು ಗಟ್ಟಿಯಾಗಿ ಹೇಳುತ್ತ ಹೋದೆ. ಬೇಗ ಸಿಟ್ಟು ಬರುತ್ತದೆ: ಭಾಳ. ತಪ್ಪು ಒಪ್ಪಿಕೊಳ್ಳುತ್ತೇನೆ: ಇಲ್ಲ. ಅವಳು ತಕರಾರು ಮಾಡಲಿಲ್ಲ. ನಿನ್ನೆ ಅವಳು ಪೆನ್ನಿಗೆ ಮುಚ್ಚಳ ಹಾಕಿದ್ದ ಆ ಹೇಳಿಕೆ ಬಂತು.

"ಇಷ್ಟ," ಎಂದೆ. "ನನಗ."

ರೊಟ್ಟಿ ಬಡಿಯುವ ಕೈ ನಿಂತಿತು. ಮುಂದಿನದು ಓದು ಎಂದಳು. ಓದಿದೆ. ಎಂಟರ ಬಸ್ಸು ಹೋದಾಗ ನಾವಿನ್ನೂ ಎರಡನೆಯ ಪುಟದಲ್ಲಿದ್ದೆವು.