ಈ ಊರಿನ ಅನುಭವ

ನಾನು ಮೊದಲಿನಿಂದಲೂ ಸಿಟ್ಟಿನ ಮನುಷ್ಯನಲ್ಲ. ವಾಮದಪದವಿನಂಥ ಸಣ್ಣ ಊರಿನಲ್ಲಿ ಟೈಲರ್ ಅಂಗಡಿ ಇಟ್ಟವನಿಗೆ ಸಿಟ್ಟು ಗಿಟ್ಟುವುದೂ ಇಲ್ಲ. ಅಳತೆಗೆ ಕೊಟ್ಟ ರವಿಕೆ ಮದುವೆಗೆ ಮುಂಚಿನದ್ದಾದರೂ, ಹೊಸದು ಬಿಗಿಯಾದರೆ ತಪ್ಪು ಟೈಲರನದ್ದೇ ಎಂದು ಒಪ್ಪಿಕೊಂಡು ನಗಬೇಕು. ಆದರೆ ಹೆಂಡತಿ ಜಯಂತಿ ತೀರಿಕೊಂಡ ಮೇಲೆ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ದುಃಖಪಡಲು ಸುಮ್ಮನೆ ಕೂರುವ ಜಾಗ ಬೇಕು. ನಮ್ಮ ಜಗಲಿಯಲ್ಲಿ ಆ ಜಾಗವನ್ನೆಲ್ಲ ಸಮಾಧಾನ ಹೇಳಲು ಬಂದವರು ಹಿಡಿದುಕೊಂಡಿದ್ದಾರೆ.

ಬಂದವರು ಜಯಂತಿಯ ಫೋಟೋ ನೋಡಿ "ಛೆ" ಅನ್ನುತ್ತಾರೆ. ಚಹಾ ಬರುವಷ್ಟರಲ್ಲಿ ಆ "ಛೆ" ಮುಗಿದಿರುತ್ತದೆ. ಮೊನ್ನೆ ಲಾಯಿಲದಿಂದ ಬಂದ ದಾಮೋದರಣ್ಣ ಬಿಸ್ಕೆಟ್ ಅದ್ದುತ್ತಾ ಕೇಳಿದರು, "ಶೇಖರ, ನಿನ್ನ ಮಗಳು ಕೆನಡಾದಲ್ಲಿ ನರ್ಸ್ ಅಲ್ವಾ ಮಾರಾಯ? ನನ್ನ ಸೊಸೆಗೂ ಅಲ್ಲಿ ಒಂದು ಕೆಲಸ ಆಗ್ತದಾ ಕೇಳು."

"ಅವಳು ಅಲ್ಲಿ ನರ್ಸ್ ಅಲ್ಲ. ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸ್ತಾಳೆ."

"ಆದರೂ ಕೆನಡಾ ಅಲ್ವಾ?"

ನನ್ನ ಮಗಳು ಶ್ವೇತಾ ಮಂಗಳೂರಿನಲ್ಲಿ ವರ್ಷಗಟ್ಟಲೆ ಐಸಿಯು ನರ್ಸ್ ಆಗಿದ್ದವಳು. ಕೆನಡಾದವರು ಅವಳ ಸರ್ಟಿಫಿಕೇಟು ತಿರುಗಿಸಿ ನೋಡಿ, "ಎಲ್ಲ ಸರಿ, ಆದರೆ ನಮ್ಮ ದೇಶದ ಅನುಭವ ಇಲ್ಲವಲ್ಲ" ಅಂದರಂತೆ. ಅವರ ದೇಶದಲ್ಲಿ ಜ್ವರ ಕಾಲಿನಿಂದ ಏರುತ್ತದೋ? ಹೃದಯ ಬಲಗಡೆ ಉಂಟೋ? ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರುವುದು, ಬಿ.ಸಿ. ರೋಡಿನ ಮಾರ್ಕೆಟಿನಿಂದಲೋ? ನರ್ಸುಗಳು ಸಾಲದು, ಬನ್ನಿ ಬನ್ನಿ ಎಂದು ಕರೆದವರೂ ಅವರೇ! ಜಯಂತಿಗೆ ಕಾಯಿಲೆ ಜೋರಾದಾಗ ಶ್ವೇತಾಳಿಗೆ ರಜೆ ಸಿಗಲಿಲ್ಲ. ಬಿಟ್ಟು ಬಂದರೆ ಕೆಲಸ ಹೋಗುತ್ತಿತ್ತು, ಕೆಲಸ ಹೋದರೆ ವೀಸಾವೂ ಹೋಗುತ್ತಿತ್ತು. "ಅಮ್ಮನನ್ನು ಮೆಲ್ಲ ಎಡಕ್ಕೆ ಹೊರಳಿಸಿ ಅಪ್ಪ, ಬೆನ್ನು ಒರೆಸಿ" ಎಂದು ಫೋನಿನಲ್ಲೇ ಹೇಳಿಕೊಡುತ್ತಿದ್ದಳು. ಯಾರದೋ ಅಮ್ಮನ ಮೈಗೆ ಅವಳ ಕೈ, ಅವಳ ಅಮ್ಮನ ಮೈಗೆ ಕತ್ತರಿ ಹಿಡಿದು ದಡ್ಡುಗಟ್ಟಿದ ನನ್ನ ಕೈ. ಇದನ್ನೆಲ್ಲ ದಾಮೋದರಣ್ಣನಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, ಕಪ್ಪು ಕೆಳಗಿಟ್ಟು, "ಹಾಗಾದ್ರೆ ಅವಳ ನಂಬರ್ ಕೊಡು, ನಾನೇ ಮಾತಾಡ್ತೇನೆ" ಅಂದರು.

ನಿನ್ನೆ ಅಂಗಡಿಯಲ್ಲಿ ಫೋನನ್ನು ಮೆಷಿನಿಗೆ ಒರಗಿಸಿಟ್ಟು ಶ್ವೇತಾಳ ಎದುರು ಇದನ್ನೆಲ್ಲ ಕಾರಿಕೊಂಡೆ. "ಅಂಥ ದೇಶ ಬೇಡ, ಬಂದುಬಿಡು" ಅಂದೆ.

"ಮುಂದಿನ ತಿಂಗಳು ಇಲ್ಲಿಯ ನರ್ಸಿಂಗ್ ಪರೀಕ್ಷೆ ಉಂಟಪ್ಪ. ಅಮ್ಮ ಹೋದಾಗಲೇ ಬಾರದವಳು ಈಗ ಸೋತು ಬಂದರೆ, ಅವತ್ತು ಬಾರದೆ ಉಳಿದದ್ದು ಯಾಕೆ?"

ನಾನು ಸೂಜಿಗೆ ನೂಲು ಪೋಣಿಸತೊಡಗಿದೆ. ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಅಸ್ಸಾಮಿನವಳು, ಗಂಡನಿಗೆ ಇಲ್ಲೇ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ. ಜಯಂತಿ ಹೊಲಿಯುತ್ತಿದ್ದ ಮೆಷಿನು ಖಾಲಿ ಇದೆಯೆಂದು ಯಾರೋ ಹೇಳಿದ್ದರಂತೆ. ತಿರುಪೂರಿನ ಗಾರ್ಮೆಂಟಿನಲ್ಲಿ ತುಂಬ ವರ್ಷ ಹೊಲಿದಿದ್ದೇನೆ, ಕೆಲಸ ಕೊಡಿ ಎಂದು ಹರಕುಮುರುಕು ಕನ್ನಡದಲ್ಲಿ ಕೇಳಿದಳು. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿದೆ.

"ಗಾರ್ಮೆಂಟಿನ ಹೊಲಿಗೆ ಬೇರೆ. ಈ ಊರಿನ ಬ್ಲೌಸ್ ಹೊಲಿದ ಅನುಭವ ಉಂಟಾ ನಿನಗೆ? ಸದ್ಯಕ್ಕೆ ಗುಂಡಿ ಹಾಕು, ಕಸ ಗುಡಿಸು. ಆಮೇಲೆ ನೋಡುವ."

ಮೆಷಿನಿಗೆ ಒರಗಿಸಿದ್ದ ಫೋನಿನಿಂದ ನಗು ಕೇಳಿಸಿತು. ಅಮ್ಮ ಹೋದ ಮೇಲೆ ಶ್ವೇತಾ ನಕ್ಕದ್ದು ಅದೇ ಮೊದಲು.

"ಅಪ್ಪಾ, ನೀವು ಇಲ್ಲಿಗೆ ಬನ್ನಿ. ನಿಮಗೆ ಕೂಡಲೇ ಸರ್ಟಿಫಿಕೇಟು ನೋಡುವ ಆಫೀಸರ್ ಕೆಲಸ ಸಿಗ್ತದೆ!"

ಬೈಯಬೇಕೆಂದು ಬಾಯಿ ತೆರೆದೆ. ಆ ಹೆಂಗಸು ಆಗಲೇ ಕಸ ಗುಡಿಸಲು ಮೂಲೆಯಲ್ಲಿ ಹಿಡಿಸೂಡಿ ಹುಡುಕುತ್ತಿದ್ದಳು.