ಹುಲ್ಲಿಗೆ ಗಾಳಿ

ಸಿಂಧನೂರಿನ ಸಿದ್ದರಾಮೇಶನ ಮನೆ ಮುಂದಿನ ಹುಲ್ಲುಹಾಸು ಹಳದಿಯಾಗಿತ್ತು. ಸಂಜೆ ಹರಟೆಗೆ ಬಂದು ಕೂರುವವರ ಭಾರಕ್ಕೆ ಎರೆಮಣ್ಣು ರೊಟ್ಟಿ ಹಂಚಿನಷ್ಟು ಗಟ್ಟಿಯಾಗಿ, ಹಾಕಿದ ನೀರೆಲ್ಲ ಗೇಟಿನಾಚೆ ಹರಿದುಹೋಗುತ್ತಿತ್ತು.

ಅವನ ಹೆಂಡತಿ ಜ್ಯೋತಿ ಲಿಂಗಸುಗೂರಿನಲ್ಲಿ ನರ್ಸು. ಬರುವುದೇ ಅಪರೂಪ, ಬಂದರೆ ಓಣಿಯೆಲ್ಲ ಅವಳನ್ನು ಮುತ್ತುತ್ತಿತ್ತು. ಅಂದು ಬೆಳಿಗ್ಗೆ ಫೋನಿನಲ್ಲಿ ಪಿಸುಗುಟ್ಟಿದಳು: "ಸಂಜಿ ಬಸ್ಸಿಗೆ ಬರ್ತೀನ್ರಿ. ಯಾರಿಗೂ ಹೇಳಬ್ಯಾಡ್ರಿ. ಹುಲ್ಲಿನ ಮ್ಯಾಲ ನಾವಿಬ್ಬರ ಕುಂದ್ರೂಣು."

ಆ ಪಿಸುಮಾತಿಗೆ ಸಿದ್ದರಾಮೇಶನ ಎದೆ ತುಂಬಿಬಂತು. ನೆಲಕ್ಕೆ ತೂತು ಹೊಡೆದು ಉಸುಕು ತುಂಬಿದರೆ ಬೇರು ಉಸಿರಾಡುತ್ತದೆಂದು ಎಲ್ಲೋ ಕೇಳಿದ್ದ. ರಜೆ ಹಾಕಿ, ಕಬ್ಬಿಣದ ಸರಳು ಹಿಡಿದು ಚುಚ್ಚತೊಡಗಿದ.

"ಇಲಿ ಸೇರ್ಯಾವೇನು?" ಗೋಡೆಯಾಚೆಯಿಂದ ಹುಸೇನ್‌ಸಾಬ್ ಇಣುಕಿದರು.

"ಇಲ್ಲ ಕಾಕಾ, ಬೇರಿಗೆ ಗಾಳಿ ಹೋಗ್ಲಿ ಅಂತ."

"ಹುಲ್ಲಿಗೆ ಗಾಳಿನಾ? ಹೊರಗ ಇಷ್ಟ್ ಬೀಸಾಕತ್ತೈತಲ್ಲೋ!"

ಎದುರು ಮನೆಯ ಶಿವಕಾಂತ ಬಂದು ಕಿವಿಯಲ್ಲಿ ಕೇಳಿದ: "ನಿಧಿ ಏನಾರ ಐತೇನು? ಸಿಕ್ರ ನಂಗೂ ಹೇಳಪಾ."

ಓಣಿಯ ಕಸ್ತೂರೆಮ್ಮ ಗೇಟು ಬಿಟ್ಟು ಕದಲಲೇ ಇಲ್ಲ. "ರಜಾ ಹಾಕಿ ಇದನ್ಯಾಕ ಮಾಡಾಕತ್ತೀಯೋ ತಮ್ಮಾ? ಇವತ್ತೇನೈತಿ?"

ಹೇಳುವಂತಿರಲಿಲ್ಲ. "ಸುಮ್ನ, ಯಕ್ಕಾ" ಎಂದು ನಕ್ಕ. ಚುಚ್ಚುತ್ತಾ ಚುಚ್ಚುತ್ತಾ ಮೈಮರೆತು, "ಇಲ್ಲಿ ಕುಂದ್ರು ಜ್ಯೋತಿ, ಇಲ್ಲಿ ಮೆತ್ತಗೈತಿ" ಎಂದು ನೆಲಕ್ಕೇ ಹೇಳಿದ. ಕಸ್ತೂರೆಮ್ಮ ಹೌಹಾರಿ ಮನೆಗೋಡಿದಳು.

ಸಂಜೆಯ ಹೊತ್ತಿಗೆ ತೂತುಗಳಲ್ಲಿ ಉಸುಕು ತುಂಬಿತ್ತು, ನೀರು ಗಟಗಟನೆ ಇಳಿಯುತ್ತಿತ್ತು. ಸಿದ್ದರಾಮೇಶ ಮಿಂದು, ಇಸ್ತ್ರಿ ಅಂಗಿ ತೊಟ್ಟು ಗೇಟಿಗೆ ಬಂದ. ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವ ಪ್ರತಿ ಆಟೋವೂ ಅವಳದೇ ಅನ್ನಿಸುತ್ತಿತ್ತು.

ಬಂದದ್ದು ಟ್ರ್ಯಾಕ್ಸ್ ಜೀಪು. ಪಾಮನಕಲ್ಲೂರಿನಿಂದ ಅತ್ತೆ ಹೊನ್ನೂರಮ್ಮ ಬಂಧುಬಳಗದ ಸಮೇತ ಇಳಿದಳು. "ಕಸ್ತೂರೆಮ್ಮ ಫೋನ್ ಮಾಡಿದ್ಳು. ಅಳಿಯಂದ್ರು ನೆಲದ ಕೂಡ ಮಾತಾಡಾಕತ್ತಾರಂತ!" ಅಳುತ್ತಲೇ ಹುಲ್ಲಿನ ಮೇಲೆ ಕುಸಿದಳು. ಬಳಗವೂ ಕೂತಿತು. ಓಣಿಯೂ ಬಂದು ಕೂತಿತು.

ಅಷ್ಟರಲ್ಲಿ ಜ್ಯೋತಿ ಆಟೋ ಇಳಿದಳು. ತಲೆಯಲ್ಲಿ ಮಲ್ಲಿಗೆ ಮುಡಿದಿದ್ದಳು. ಜಾತ್ರೆಯಂಥ ಅಂಗಳ ನೋಡಿ ಗಂಡನತ್ತ ತಿರುಗಿದಳು. ಅವನು ಎರಡೂ ಕೈ ಚೆಲ್ಲಿದ. ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ಒಬ್ಬರ ಇದ್ದು ಇದ್ದು ಹಿಂಗಾಗ್ಯಾರವ್ವಾ" ಎಂದು ಹೊನ್ನೂರಮ್ಮ ಮಗಳ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನೀ ಏನ್ ಚಿಂತಿ ಮಾಡಬ್ಯಾಡ. ಅರಿವಿ ಗಂಟು ತಂದೀನಿ. ಇನ್ನ ನಾ ಇಲ್ಲೇ ಇರ್ತೀನಿ. ನೀ ಬಂದಾಗೂ ನಾ ಒಂದ್ ಗಳಿಗಿ ಅವರನ್ನ ಬಿಟ್ಟು ಕದಲಂಗಿಲ್ಲ."