ಪಂಡರಿ ಆರಿಸಿದ ನರರೋಗದ ಪುಸ್ತಕ

ಕುರಿ ಆರಿಸುವುದರಲ್ಲಿ ಮೋರಖಂಡಿಯ ಪಂಡರಿಯನ್ನು ಮೀರಿಸುವ ಗಂಡು ಇಡೀ ಬಸವಕಲ್ಯಾಣ ತಾಲೂಕಿನಲ್ಲಿ ಹುಟ್ಟಿಲ್ಲ. ಇದು ಪಂಡರಿಯದೇ ಹೇಳಿಕೆ! ಹಾಗಾಗಿ, ಡಾಕ್ಟರಾದ ಮಗಳು ಕಾಜಲ ಮುಂದಿನ ತರಬೇತಿಗೆ ಕಲಬುರಗಿಗೆ ಹೊರಟು, “ಮೊದಲು ನರರೋಗ ವಿಭಾಗ. ಒಂದು ಛಲೋ ಪುಸ್ತಕ ಬೇಕು” ಎಂದದ್ದೇ ತಡ, ಅವನು ಎದೆ ತಟ್ಟಿಕೊಂಡ.

“ಪುಸ್ತಕ ನಾ ಆರಿಸ್ತೀನಿ!”

“ನಿಮಗೇನ್ರಿ ತಿಳೀತದ?” ಎಂದಳು ಹೆಂಡತಿ ಬಾಳಮ್ಮ.

“ಇಡೀ ಹಿಂಡಿನಾಗ ಒಂದು ಟಗರು ಆರಿಸಾವ್ಗ ಪುಸ್ತಕ ಆರಿಸೋದು ಯಾವ ಲೆಕ್ಕ?”

ಜಂಬದ ಹಿಂದೆ ಸಂಕಟವೂ ಇತ್ತು. ಮಗಳು ಇಷ್ಟು ಓದಿದಳು, ಆ ಓದಿನಲ್ಲಿ ತನ್ನಿಂದ ಒಂದಕ್ಷರದ ಸಹಾಯವೂ ಆಗಲಿಲ್ಲ. ಅಪ್ಪ ಆರಿಸಿದ ಪುಸ್ತಕ ಒಂದಾದರೂ ಅವಳ ಮೇಜಿನ ಮೇಲಿರಲಿ ಎಂಬುದು ಅವನ ಆಸೆ. ಕಾಜಲಳಿಗೆ ಅದು ಅರ್ಥವಾಯಿತು.

“ಆಯ್ತಪ್ಪ. ನಿನಗ ಗೊತ್ತಿರೋ ಒಂದು ರೋಗ ತೆಗೆದು ನೋಡು. ಅದು ಸರಿ ಇದ್ರ ಪುಸ್ತಕ ಛಲೋ ಅದ ಅಂತ ತಿಳಿ. ಆದ್ರ ಅಂಗಡಿ ಏಜಾಜ್ ಕಾಕಾನ ಮಾತು ಕೇಳಿ ತಗೋ.”

ಕೊನೆಯ ಮಾತು ಪಂಡರಿಯ ಕಿವಿಗೆ ಬೀಳಲೇ ಇಲ್ಲ!

ಹುಮನಾಬಾದಿನ ಏಜಾಜನ ಪುಸ್ತಕದಂಗಡಿಯಲ್ಲಿ ಅವನ ದರ್ಬಾರು ಶುರುವಾಯಿತು. ಒಂದನ್ನು ಎತ್ತಿ ತೂಕ ನೋಡಿದ. ಇನ್ನೊಂದರ ಬೆನ್ನು ಸವರಿದ. ತೆರೆದರೆ ಎಲ್ಲ ಇಂಗ್ಲಿಷು! ಇನ್ನು ಚಿತ್ರಗಳೇ ಗತಿ. ಅವುಗಳಲ್ಲಿ ಅವನಿಗೆ ಪರಿಚಯದ ರೋಗ ಒಂದೂ ಇರಲಿಲ್ಲ. ಕೊನೆಗೆ ಮೂಲೆಯ ದಪ್ಪ ಪುಸ್ತಕವೊಂದನ್ನು ತೆರೆದ. ಅಲ್ಲಿತ್ತು, ತಲೆ ವಾಲಿಸಿಕೊಂಡು ನಿಂತಲ್ಲೇ ಸುತ್ತುವ ಕುರಿ!

“ಇದು! ಇದು ನನಗ ಗೊತ್ತದ! ಮಿದುಳಾಗ ಗುಳ್ಳಿ ಆದ್ರ ಕುರಿ ಹಿಂಗೇ ತಿರಗ್ತಾವ!”

“ಪಂಡರಿ ಭಾಯ್, ಅದು ಪಶು...”

“ನೀವು ಸುಮ್ಕಿರ್ರಿ! ಈ ಪುಸ್ತಕ ಕುರಿ ನರಾನೇ ಬಿಟ್ಟಿಲ್ಲ, ಮನಷ್ಯಾಂದು ಬಿಡ್ತದೇನು?”

ಈ ತರ್ಕದ ಮುಂದೆ ಏಜಾಜ ಶರಣಾದ. ಮನೆಯಲ್ಲಿ ಬಾಳಮ್ಮ ಪುಸ್ತಕಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮಗಳ ಕೈಗಿಟ್ಟಳು. ಕಾಜಲ ಪುಟ ತಿರುವಿದಳು. ನಾಯಿ ಬಂತು, ಕುದುರೆ ಬಂತು, ಎಮ್ಮೆ ಬಂತು. ಮನುಷ್ಯ ಮಾತ್ರ ಬರಲಿಲ್ಲ!

“ಅಪ್ಪಾ, ಇದು ದನದ ಡಾಕ್ಟರ್ ಓದೋದು.”

ಪಂಡರಿಯ ಮುಖ ಇಂಗು ತಿಂದ ಮಂಗನಂತಾಯಿತು. ಮಗಳಿಗೆ ಮಾಡಹೊರಟ ಒಂದೇ ಒಂದು ಉಪಕಾರ ಹೀಗಾಗಬೇಕೆ?

ಮರುದಿನ ಮೂವರೂ ಹುಮನಾಬಾದಿಗೆ ಓಡಿದರು. ಏಜಾಜ ರಟ್ಟು ನೋಡಿ ಅಡ್ಡಡ್ಡ ತಲೆಯಾಡಿಸಿದ. “ಕುಂಕುಮ ಹಚ್ಚೀರಿ. ಹ್ಯಾಂಗ ವಾಪಸ್ ತಗೋಲಿ? ಇದನ್ನ ಯಾರರೆ ಒಯ್ದ್ರ ಬದ್ಲಿ ಬ್ಯಾರೇದು ಕೊಡ್ತೀನಿ.”

ಅಷ್ಟರಲ್ಲಿ ಪಶುವೈದ್ಯ ಓದುತ್ತಿದ್ದ ಅಮೃತ ಎಂಬ ಹುಡುಗಿ ಪರೀಕ್ಷೆಯ ಗೈಡು ಕೇಳುತ್ತ ಒಳಗೆ ಬಂದಳು. ಪಂಡರಿಯೊಳಗಿನ ಸಂತೆಯ ಸರದಾರ ಎದ್ದು ಕೂತ!

“ತಂಗಿ, ಗೈಡ್ ಯಾಕ? ಕುರಿ ಹಿಂಗ ಮಾಡಿದ್ರ ಏನಂತ ಹೇಳ್ತಿ?” ಎಂದವನೇ ತಲೆ ವಾಲಿಸಿ ಅಂಗಡಿಯ ನಡುವೆ ಗಿರಗಿರ ಸುತ್ತತೊಡಗಿದ.

“ಏನ್ರಿ ಮಾಡಾಕತ್ತೀರಿ? ಮಂದಿ ನೋಡಾಕತ್ತಾರ!” ಬಾಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಪಂಡರಿ ಸುತ್ತುತ್ತಲೇ ಆ ಪುಟ ತೆರೆದು ತೋರಿಸಿದ. ಅಮೃತ ಓದಿದಳು, ಅವನನ್ನು ನೋಡಿದಳು, ಮತ್ತೆ ಓದಿದಳು. “ಎಷ್ಟು ಸಲ ಓದಿದ್ರೂ ತಲಿಗಿ ಹತ್ತಿರಲಿಲ್ರಿ! ಇದೇ ಪುಸ್ತಕ ಕೊಡ್ರಿ.”

“ಪೂಜಾ ಮಾಡಿದ್ದದ, ಪಾಸ್ ಆಗೋದು ಖಾತ್ರಿ!” ಎಂದು ಪಂಡರಿ ಆಶೀರ್ವಾದವನ್ನೂ ಕೊಟ್ಟುಬಿಟ್ಟ.

ಹೋಗುವಾಗ ಹುಡುಗಿ ಏಜಾಜನನ್ನು ಮೆಲ್ಲಗೆ ಕೇಳಿದಳು: “ಈ ಸರ್ ಯಾವ ಕಾಲೇಜಿನವ್ರು ರೀ?”

ಕಾಜಲ ಮನುಷ್ಯರ ನರರೋಗದ ಎರಡು ಪುಸ್ತಕ ಅಪ್ಪನ ಮುಂದಿಟ್ಟಳು. “ಎರಡೂ ಛಲೋ ಅವ. ಯಾವುದು ಅನ್ನೋದು ನೀ ಹೇಳು.” ಪಂಡರಿ ಒಂದರ ಮೇಲೆ ಕೈಯಿಟ್ಟ. ಕಣ್ಣು ತುಂಬಿ ಬಂತು.

ಬಸ್ಸು ಹತ್ತಿದ ಮೇಲೆ ಅವನನ್ನು ಹಿಡಿಯುವವರಿಲ್ಲ! ಪಕ್ಕದವರಿಗೆ, ಹಿಂದಿನವರಿಗೆ, ಕಂಡಕ್ಟರಿಗೆ, ಎಲ್ಲರಿಗೂ ವಿಜಯದ ವರದಿ. ಬಾಳಮ್ಮನಿಗೆ ಸಾಕಾಯಿತು.

“ಕಾಜಲಾ, ಯಾರ ಮಾತೂ ಕೇಳಲಾರದ ರೋಗ ಯಾವ ಪುಟದಾಗ ಅದ ನೋಡವ್ವ. ಮೊದಲು ಅದನ್ನ ಓದು.”

ಕಾಜಲ ಪುಸ್ತಕ ತೆರೆದು ಗಂಭೀರವಾಗಿ ಹುಡುಕಿದಳು.

“ಈ ಪುಸ್ತಕದಾಗ ಇಲ್ಲವ್ವ. ಅಪ್ಪ ಮಾರಿ ಬಂದಾನಲ್ಲ, ಅದರಾಗ ಇತ್ತು.”